ಚೆಲುವು ನಿದ್ರೆಯ ಗುಳಿಗೆಯಲ್ಲ

ವಯಸ್ಸಾದವರಿಗೆ ಬುದ್ಧಿವಾದ ಹೇಳುವವರಿಗೆ ಈಗ ಬರವಿಲ್ಲ. ಕೋಳಿ ಕೂಗುವ ಮೊದಲೇ ಮೊಬೈಲಿನ ಪರದೆಯ ಮೇಲೆ ಕಮಲವೊಂದು ಅರಳಿರುತ್ತದೆ. ಅದರ ಹಿಂದೆ ಉದಯಿಸುವ ಸೂರ್ಯ, ಕೆಳಗೆ ನಾಲ್ಕು ಸಾಲಿನ ಹಿತವಚನ. ಅದರ ಸಾರಾಂಶ ಪ್ರತಿದಿನವೂ ಒಂದೇ: ಇಳಿವಯಸ್ಸಿನಲ್ಲಿ ಪ್ರಕೃತಿಯ ಸೌಂದರ್ಯವನ್ನು ಆಸ್ವಾದಿಸಿರಿ, ಸಣ್ಣಪುಟ್ಟ ಸಂಗತಿಗಳಲ್ಲಿ ಸಂತೋಷ ಕಾಣಿರಿ, ಯಾವುದಕ್ಕೂ ತಲೆ ಹಾಕಬೇಡಿರಿ, ಏನೇ ಆದರೂ ನಗುತ್ತಿರಿ. ಪತ್ರಿಕೆಗಳ ಪುರವಣಿಗಳೂ, ಹಿರಿಯ ನಾಗರಿಕರ ದಿನಾಚರಣೆಯಂದು ನಮಗೆ ಶಾಲು ಹೊದಿಸುವ ಅತಿಥಿಗಳೂ ಇದನ್ನೇ ಹೇಳುತ್ತಾರೆ. ಹೇಳುವವರ ಮನಸ್ಸಿನಲ್ಲಿ ಕೇಡಿಲ್ಲ. ಆದರೆ ಈ ಉಪದೇಶದ ಪೂರ್ವಾರ್ಧಕ್ಕೂ ಉತ್ತರಾರ್ಧಕ್ಕೂ ಹೊಂದಿಕೆಯಿಲ್ಲವೆಂಬುದು ನನ್ನ ತಕರಾರು. ಸೌಂದರ್ಯವನ್ನು ನಿಜವಾಗಿ ಕಂಡವನಿಗೆ ತಲೆ ಹಾಕದೆ ಇರಲು ಆಗುವುದಿಲ್ಲ. ತಲೆ ಹಾಕದೆ ಸುಮ್ಮನಿರಬಲ್ಲವನು ಕಂಡಿರುವುದು ಸೌಂದರ್ಯದ ಚಿತ್ರಪಟವನ್ನು ಮಾತ್ರ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈಗ ಅರವತ್ತರ ಹೊಸ್ತಿಲಲ್ಲಿದ್ದೀರಿ. ಕೆಲವರು ಅದನ್ನು ದಾಟಿಯೂ ಆಗಿದೆ. ಬಂಧುಗಳಲ್ಲಿ ನನ್ನ ಓರಗೆಯವರು ಅನೇಕರಿದ್ದಾರೆ. ಆದ್ದರಿಂದ ಈ ಮಾತನ್ನು ಸ್ವಲ್ಪ ವಿಸ್ತಾರವಾಗಿಯೂ, ಅಗತ್ಯವಿದ್ದೆಡೆ ಸ್ವಲ್ಪ ಕಟುವಾಗಿಯೂ ಹೇಳಬೇಕೆಂದಿದ್ದೇನೆ. ಒಂದು ಕಾಲಕ್ಕೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟರ ಮಾತೆಂದು ಸಹಿಸಿಕೊಳ್ಳಿರಿ.

ನೋಡುವುದೆಂದರೆ ಏನು ಎಂಬುದನ್ನು ಮೊದಲು ವಿಚಾರಿಸೋಣ. ವಾಯುವಿಹಾರಕ್ಕೆ ಹೊರಟವನು ಮರದತ್ತ ಕೈ ತೋರಿ 'ಆಹಾ, ಎಷ್ಟು ಚೆನ್ನಾಗಿದೆ!' ಎಂದರೆ ಅದು ನೋಟವಾಗುವುದಿಲ್ಲ. ಯಾವ ಮರ? ಯಾವ ತಿಂಗಳಿನಲ್ಲಿ ಎಲೆ ಉದುರಿಸುತ್ತದೆ? ಅದರಲ್ಲಿ ಯಾರ ಸಂಸಾರವಿದೆ? ನಮ್ಮ ಮೈಸೂರಿನ ಬೀದಿಗಳಲ್ಲಿ ಸಾಮಾನ್ಯವಾಗಿ ಕಾಣುವ ಹೊಂಗೆಯನ್ನೇ ತೆಗೆದುಕೊಳ್ಳಿರಿ. ಚಳಿ ಹಿಂದೆಗೆಯುತ್ತಿದ್ದಂತೆ ಅದು ಎಲೆಗಳನ್ನೆಲ್ಲ ಉದುರಿಸುತ್ತದೆ. ಬೋಳಾಗಿ ನಿಂತಿತೆನ್ನುವಷ್ಟರಲ್ಲಿ, ಯುಗಾದಿಗೆ ಮುಂಚಿತವಾಗಿಯೇ, ಎಣ್ಣೆ ಸವರಿದಂತೆ ಹೊಳೆಯುವ ಎಳೆಯ ಹಸಿರು ಮೈತುಂಬ ಬಂದಿರುತ್ತದೆ. ಕಡುಬೇಸಗೆಯಲ್ಲಿ ಮಿಕ್ಕದ್ದೆಲ್ಲ ಬಾಡಿರುವಾಗ ಊರಿಗೆ ಅತ್ಯಂತ ದಟ್ಟವಾದ ನೆರಳನ್ನು ಕೊಡುವುದು ಹೊಂಗೆಯೇ. ಅನಂತರ ನಸುನೇರಿಳೆ ಬೆರೆತ ಬಿಳಿಯ ಹೂಗಳು ಬುಡದ ಸುತ್ತ ಪುರಿ ಚೆಲ್ಲಿದಂತೆ ಬೀಳುತ್ತವೆ. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರವಾಗಿತ್ತು, ಬೀಜದ ಎಣ್ಣೆ ದೀಪಕ್ಕಾಗುತ್ತಿತ್ತು, ಹಿಂಡಿ ತೋಟಕ್ಕೆ ಹೋಗುತ್ತಿತ್ತು. ಇದನ್ನೆಲ್ಲ ತಿಳಿದು ನೋಡಿದಾಗ ಮರದ ಚೆಲುವು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹೀಗೆ ನೋಡಲು ಒಂದು ಬೆಳಗು ಸಾಲದು, ವರ್ಷಗಳು ಬೇಕು. ಆ ವರ್ಷಗಳು ಇರುವುದು ನಮ್ಮಲ್ಲಿ. ಇಪ್ಪತ್ತರ ಹರೆಯದ ಹುಡುಗನಿಗೆ ಈ ವರ್ಷದ ಹೊಂಗೆ ಮಾತ್ರ ಕಾಣುತ್ತದೆ. ಎಪ್ಪತ್ತರ ಮುದುಕನಿಗೆ ಅದರ ಹಿಂದೆ ಐವತ್ತು ಯುಗಾದಿಗಳ ಹೊಂಗೆಗಳು ಸಾಲಾಗಿ ಕಾಣಬೇಕು. ವಯಸ್ಸಿನಿಂದ ದೊರೆಯುವ ನಿಜವಾದ ಸಂಪತ್ತೆಂದರೆ ಈ ಹೋಲಿಕೆಯ ಶಕ್ತಿ.

ವಯಸ್ಸು ಕೊಡುವುದರ ಜೊತೆಗೆ ಕಸಿಯುವುದೂ ಉಂಟು. ಕಣ್ಣಿನ ಮಸೂರ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. ನೀಲಿಯ ಕಿರಣಗಳನ್ನು ಒಳಗೆ ಬಿಡುವುದಿಲ್ಲ. ಪೊರೆ ತೆಗೆಸಿಕೊಂಡವರು ಮರುದಿನ ಪಟ್ಟಿ ಬಿಚ್ಚಿದೊಡನೆ ಆಕಾಶ ಇಷ್ಟು ನೀಲಿಯಾಗಿತ್ತೇ ಎಂದು ಬೆರಗಾಗುವುದು ಇದರಿಂದಲೇ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ ತನ್ನ ತೋಟದ ಕೊಳದ ನೈದಿಲೆಗಳನ್ನು ವರ್ಷಗಟ್ಟಲೆ ಚಿತ್ರಿಸಿದವನು. ಎರಡೂ ಕಣ್ಣುಗಳಿಗೆ ಪೊರೆ ಬಂದು ಅವನ ಚಿತ್ರಗಳ ಬಣ್ಣವೇ ಕೆಂಪು ಕಂದುಗಳತ್ತ ವಾಲಿತು. 1923ರಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮತ್ತೆ ಕುಂಚ ಹಿಡಿದು ಆ ಕೊಳದ ಮುಂದೆಯೇ ಕುಳಿತನು. 1926ರಲ್ಲಿ ಸಾಯುವವರೆಗೂ ಅವನ ಮನಸ್ಸು ಆ ಹೂಗಳ ಮೇಲಿಂದ ಕದಲಲಿಲ್ಲ. ಕಿವಿಯ ಕಥೆಯೂ ಹೀಗೆಯೇ. ಮುಪ್ಪಿನಲ್ಲಿ ಮೊದಲು ಕಳೆದುಹೋಗುವುದು ಎತ್ತರದ ಸ್ವರಗಳು. ಕಾಗೆಯ ಕೂಗು ಕೇಳುತ್ತದೆ. ದಾಸವಾಳದ ಗಿಡದಲ್ಲಿರುವ ಸೂರಕ್ಕಿಯ ಸಣ್ಣ ದನಿ ಕೇಳಿಸುವುದಿಲ್ಲ. ಹಕ್ಕಿ ಹಾಡುವುದನ್ನು ನಿಲ್ಲಿಸಿತೆಂದು ನಾವು ತಿಳಿಯುತ್ತೇವೆ, ಅದು ಹಾಡುತ್ತಲೇ ಇರುತ್ತದೆ.

ನಮ್ಮ ಇಂದ್ರಿಯಗಳು ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಿವೆ ಎಂಬುದು ನಿಶ್ಚಯವಾಗಿರುವಾಗ, ತೆರೆದಿರುವ ಕಿಟಕಿಯ ಮುಂದೆ ಯಾವನೋ ಕಳಿಸಿದ ಕಮಲದ ಚಿತ್ರವನ್ನು ಹಿಡಿದುಕೊಂಡು ಕುಳಿತಿರುವುದು ಎಂಥ ವಿವೇಕ? ಕಣ್ಣು ಕಾಣುವಷ್ಟು ದಿನ ಹಿತ್ತಿಲಿನ ನಿಜವಾದ ದಾಸವಾಳವನ್ನು ನೋಡಬೇಕು. ಕಿವಿಗೆ ನಿಲುಕದ ಹಕ್ಕಿ ಯಾವುದೆಂದು ಮೊಮ್ಮಗುವನ್ನು ಕರೆದು ಕೇಳಬೇಕು. ಅಜ್ಜನಿಗೆ ಹೆಸರು ಗೊತ್ತು, ಮೊಮ್ಮಗಳಿಗೆ ದನಿ ಕೇಳುತ್ತದೆ. ಇಬ್ಬರೂ ಸೇರಿದರೆ ಒಂದು ಹಕ್ಕಿ ಪೂರ್ತಿಯಾಗುತ್ತದೆ.

ಇನ್ನು ಕಟುವಾದ ಮಾತಿಗೆ ಬರುತ್ತೇನೆ. ಪ್ರಕೃತಿಪ್ರೇಮದ ಸಂದೇಶಗಳನ್ನು ಬೆಳಗ್ಗೆ ಹಂಚುವ ನಮ್ಮ ಪೀಳಿಗೆಯೇ ಸಂಜೆ ಮರದ ಮೇಲೆ ದೂರು ಬರೆಯುತ್ತದೆ. ನಮ್ಮ ಬೀದಿಯಲ್ಲಿ ಏಳು ಹೊಂಗೆಗಳಿದ್ದವು, ಈಗ ಐದಿವೆ. ಹೋದ ಎರಡನ್ನು ಯಾವ ರಸ್ತೆಯೂ ನುಂಗಲಿಲ್ಲ, ಯಾವ ಬಿರುಗಾಳಿಯೂ ಕೆಡವಲಿಲ್ಲ. 'ಎಲೆ ಉದುರಿ ಅಂಗಳ ಗಲೀಜಾಗುತ್ತದೆ, ಕಾರಿನ ಮೇಲೆ ಹಕ್ಕಿಗಳು ಹಿಕ್ಕೆ ಹಾಕುತ್ತವೆ' ಎಂದು ಬರೆದ ಅರ್ಜಿಯೇ ಅವನ್ನು ಉರುಳಿಸಿತು. ಅದಕ್ಕೆ ಸಹಿ ಹಾಕಿದವರಲ್ಲಿ ಅರವತ್ತಕ್ಕೆ ಕೆಳಗಿನವರು ಒಬ್ಬರೂ ಇರಲಿಲ್ಲ. ಅರ್ಜಿ ನನ್ನ ಬಾಗಿಲಿಗೂ ಬಂದಿತ್ತು. ನಾನು ಸಹಿ ಹಾಕಲಿಲ್ಲ, ಹಾಕದಿರುವುದಕ್ಕೆ ಕಾರಣವನ್ನೂ ಹೇಳಿದೆ. 'ಮೇಷ್ಟರೇ, ಈ ವಯಸ್ಸಿನಲ್ಲಿ ನಿಮಗೇಕೆ ಇಲ್ಲದ ಉಸಾಬರಿ?' ಎಂಬ ಉತ್ತರ ಬಂದಿತು. ಉಳಿದ ಐದು ಮರಗಳ ಪೈಕಿ ಮೂರರ ಬುಡಕ್ಕೆ ತೊಗಟೆಗೆ ತಾಗುವಂತೆ ಸಿಮೆಂಟು ಮೆತ್ತಿದ್ದಾರೆ. ಹನಿ ನೀರು ಬೇರಿಗೆ ಇಳಿಯದು. ಮರದ ಬುಡ ಉಸಿರಾಡಬೇಕೆಂಬುದು ಕವಿಕಲ್ಪನೆಯಲ್ಲ. ದೆಹಲಿಯ ಮರಗಳ ಸುತ್ತ ಒಂದು ಮೀಟರಿನಷ್ಟು ಜಾಗದ ಕಾಂಕ್ರೀಟನ್ನು ಕಿತ್ತು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2013ರಲ್ಲಿ ಆದೇಶವನ್ನೇ ನೀಡಬೇಕಾಯಿತು.

ಉದುರಿದ ಎಲೆಯನ್ನು ಕಸವೆಂದು ಕರೆಯಲು ನಾವು ಯಾವಾಗ ಕಲಿತೆವು? ಆ ಎಲೆಯನ್ನು ಗುಡಿಸುವವಳು ನಸುಕಿನಲ್ಲಿ ಬರುವ ಪೌರಕಾರ್ಮಿಕ ಹೆಣ್ಣುಮಗಳು. ದೂರು ಹೇಳಬಹುದಾದ ಒಬ್ಬಳಿದ್ದರೆ ಅವಳೇ. ಬಿಸಿಲೇರಿದ ಮೇಲೆ ಅವಳು ಪೊರಕೆಯನ್ನು ಒರಗಿಸಿ ಎರಡು ನಿಮಿಷ ಕುಳಿತು ತನ್ನ ಬುತ್ತಿಯನ್ನು ಬಿಚ್ಚುವುದೂ ಅದೇ ಮರದ ಕೆಳಗೆ. ಮಲ್ಲಿಗೆಯನ್ನು ಮೊಳ ಹಾಕಿ ಮಾರುವ ಅಜ್ಜಿ ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸಿಕೊಂಡು ಕೂರುವುದೂ ಅಲ್ಲಿಯೇ. ನೆರಳು ಹೋದರೆ ಮಧ್ಯಾಹ್ನದೊಳಗೆ ಅವಳ ಬಂಡವಾಳ ಬಾಡುತ್ತದೆ. ದಿನನಿತ್ಯದ ಸೊಬಗು ಎಂದು ನಾವು ಹೊಗಳುವ ದೃಶ್ಯಗಳಲ್ಲಿ ಬಹುಪಾಲು ಇನ್ನೊಬ್ಬರ ದುಡಿಮೆಯಿಂದಲೇ ಸೊಬಗಾಗಿವೆ. ಹೂ ಕಟ್ಟುವ ಬೆರಳುಗಳ ವೇಗವನ್ನು ಮೆಚ್ಚಿ, ಮೊಳಕ್ಕೆ ಐದು ರೂಪಾಯಿ ಚೌಕಾಸಿ ಮಾಡುವವರ ಸೌಂದರ್ಯಪ್ರಜ್ಞೆಯನ್ನು ನಾನು ನಂಬಲಾರೆ.

'ಇದೆಲ್ಲ ಸರಿ, ಆದರೆ ಮುಪ್ಪಿನಲ್ಲಿ ಮನಃಶಾಂತಿ ಬೇಡವೇ? ವೈರಾಗ್ಯ ಬೇಡವೇ?' ಎಂದು ಕೇಳುವ ಬಂಧುಗಳಿದ್ದಾರೆ. ನಮ್ಮ ಹಿರಿಯರು ಈ ವಯಸ್ಸಿಗೆ ಇಟ್ಟ ಹೆಸರು ವಾನಪ್ರಸ್ಥವೆಂಬುದನ್ನು ಅವರು ನೆನೆಯಬೇಕು. ತಲೆಯಲ್ಲಿ ನರೆ, ಮುಖದಲ್ಲಿ ಸುಕ್ಕು, ತೊಡೆಯ ಮೇಲೆ ಮೊಮ್ಮಗು ಕಂಡ ಗೃಹಸ್ಥನನ್ನು ಶಾಸ್ತ್ರ ಕಳಿಸಿದ್ದು ಕಾಡಿಗೆ; ದೂರದರ್ಶನವಿರುವ ಕೋಣೆಗಲ್ಲ. ಮನೆಯ ಯಜಮಾನಿಕೆಯನ್ನು ಬಿಡಬೇಕೆಂಬುದು ಅದರ ಅರ್ಥ. ಲೋಕದ ಮೇಲಿನ ಪ್ರೀತಿಯನ್ನು ಬಿಡಬೇಕೆಂದಲ್ಲ. ಇಂದು ಹೋಗಲು ಕಾಡೇ ಇಲ್ಲವಾದರೆ, ಬಾಗಿಲ ಮುಂದಿನ ಮರವೇ ನಮ್ಮ ಪಾಲಿನ ವನ. ಅದನ್ನು ಕಡಿಸಿ ವೈರಾಗ್ಯವನ್ನು ಎಲ್ಲಿ ಕುಳಿತು ಅಭ್ಯಾಸ ಮಾಡುತ್ತೀರಿ?

ಮುಪ್ಪಿನಲ್ಲಿ ಚೆಲುವನ್ನು ಕಂಡವರು ಹೇಗೆ ಬದುಕಿದರೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೃಷ್ಟಾಂತಗಳಿವೆ. ಶಿವರಾಮ ಕಾರಂತರು ತೊಂಬತ್ತೈದರ ವಯಸ್ಸಿನಲ್ಲೂ ಹಕ್ಕಿಗಳ ಕುರಿತು ಪುಸ್ತಕ ಬರೆದರು. ಅದೇ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಹೋರಾಡಿದರು. 1989ರಲ್ಲಿ, ಎಂಬತ್ತೇಳರ ಹರೆಯದಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ಪಕ್ಷೇತರರಾಗಿ ಸ್ಪರ್ಧಿಸಿದರು. ಸೋತರು. ಸ್ಥಾವರವೂ ನಿಂತಿತು, ಅದರಿಂದ ವಿದ್ಯುತ್ತೂ ಬರುತ್ತಿದೆ. ಅವರ ಅಭಿಪ್ರಾಯವನ್ನು ನೀವು ಒಪ್ಪದಿರಬಹುದು. ಆದರೆ ಹಕ್ಕಿಯನ್ನು ನೋಡುವ ಕಾರಂತರು ಬೇರೆ, ಚುನಾವಣೆಗೆ ನಿಂತ ಕಾರಂತರು ಬೇರೆ ಎಂದು ವಿಂಗಡಿಸಲು ಬರುವುದಿಲ್ಲ. ಒಂದು ನೋಟದ ಮುಂದುವರಿಕೆಯೇ ಇನ್ನೊಂದು ನಡೆ.

ಮಾಗಡಿ ತಾಲ್ಲೂಕಿನ ಸಾಲುಮರದ ತಿಮ್ಮಕ್ಕನವರು ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ ಮತ್ತು ಕುದೂರಿನ ನಡುವೆ ನೂರಾರು ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಕಥೆಯನ್ನು ನಾವೆಲ್ಲ ಬಲ್ಲೆವು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷ ರಸ್ತೆ ವಿಸ್ತರಣೆಯಿಂದ ಆ ಮರಗಳಿಗೇ ಕುತ್ತು ಬಂದಾಗ, ನೂರು ದಾಟಿದ ಆ ತಾಯಿ ಸುಮ್ಮನೆ ಕೂರದೆ ಮುಖ್ಯಮಂತ್ರಿಯವರಿಗೆ ಮನವಿ ಸಲ್ಲಿಸಿದರು. ಬೇರೆ ಮಾರ್ಗ ಹುಡುಕುವ ಭರವಸೆ ಸರ್ಕಾರದಿಂದ ದೊರೆಯಿತು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ಎಷ್ಟೊಂದು ಶ್ರದ್ಧಾಂಜಲಿಯ ಚಿತ್ರಗಳು ನನ್ನ ಮೊಬೈಲಿಗೆ ಬಂದವು! ಕಳಿಸಿದವರಲ್ಲಿ ಹೊಂಗೆಯ ಅರ್ಜಿಗೆ ಸಹಿ ಹಾಕಿದವರೂ ಇದ್ದರು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರ್‌ನಲ್ಲಿ ನಮ್ಮನ್ನಗಲಿದರು. ಯಾವ ತಾಯಿಮರದ ಬೀಜವನ್ನು ಯಾವ ಹೊತ್ತಿಗೆ ಆರಿಸಿದರೆ ಮೊಳೆಯುತ್ತದೆಂಬುದನ್ನು ಶಾಲೆಯ ಮುಖ ಕಾಣದ ಆ ಹಾಲಕ್ಕಿ ಹೆಣ್ಣುಮಗಳು ಅರಣ್ಯಾಧಿಕಾರಿಗಳಿಗೆ ಕಲಿಸುತ್ತಿದ್ದರು. ಇವರಾರೂ ಪ್ರಕೃತಿಯನ್ನು ಹೊಗಳುತ್ತಾ ಕೂರಲಿಲ್ಲ. ಅದರ ಪರವಾಗಿ ಕೈ ಕೆಸರು ಮಾಡಿಕೊಂಡರು, ಬೇಕಾದಾಗ ಬಾಯಿ ತೆರೆದರು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: 'ರಸ್ತೆ ಬೇಡವೇ? ಆಂಬ್ಯುಲೆನ್ಸಿಗೆ ದಾರಿ ಬೇಡವೇ? ನಿಮಗೇ ನಾಳೆ ಎದೆನೋವು ಬಂದರೆ?' ಬೇಕು, ನಾನು ರಸ್ತೆಯ ವೈರಿಯಲ್ಲ. ಅನಿವಾರ್ಯವಾದರೆ ಮರ ಹೋಗಬೇಕಾಗುತ್ತದೆ. ಆದರೆ ಅನಿವಾರ್ಯವೆಂಬುದು ಹಗಲಿನಲ್ಲಿ, ಹತ್ತು ಜನರ ಮುಂದೆ ಸಾಬೀತಾಗಬೇಕು. ಅದಕ್ಕಾಗಿಯೇ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದು. ಸಾರ್ವಜನಿಕ ಕಾಮಗಾರಿಗೆಂದು 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದಲ್ಲಿ ವೃಕ್ಷಾಧಿಕಾರಿಯು ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕೆಂದು ಅದು ಹೇಳುತ್ತದೆ. ಆ ಪ್ರಕಟಣೆಯನ್ನು ಓದುವವರು ಯಾರು? ನೌಕರಿಗೆ ಓಡುವ ಮಕ್ಕಳಿಗೆ ವ್ಯವಧಾನವಿಲ್ಲ. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ನಿಧನವಾರ್ತೆ ಸಮೇತ ಓದುವ ಪುರಸೊತ್ತು ಇರುವುದು ನಮಗೆ ಮಾತ್ರ. 2025ರ ಏಪ್ರಿಲ್‌ನಲ್ಲಿ ನಮ್ಮ ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ 40 ಮರಗಳು ರಸ್ತೆ ವಿಸ್ತರಣೆಗೆಂದು ಉರುಳಿದವು. ನಾಗರಿಕರು ಪ್ರತಿಭಟಿಸಿದರು, ಮೇಣದ ಬತ್ತಿ ಹಚ್ಚಿ ಶೋಕಿಸಿದರು. ಆದರೆ ಉರುಳಿದ ಮರಕ್ಕೆ ಹಚ್ಚುವ ದೀಪಕ್ಕಿಂತ ನಿಂತ ಮರಕ್ಕೆ ಬರೆಯುವ ಒಂದು ಕಾಗದ ಹೆಚ್ಚು ಉಪಯುಕ್ತ.

'ಒಂದಕ್ಕೆ ಹತ್ತು ಸಸಿ ನೆಡುತ್ತೇವೆ' ಎಂಬ ಸಮಾಧಾನವನ್ನೂ ಪರೀಕ್ಷಿಸಬೇಕು. ಕುಟ್ರುಹಕ್ಕಿ ಗೂಡು ಕೊರೆಯುವುದು ಒಣಗಿ ಮೆದುವಾದ ಕೊಂಬೆಯಲ್ಲಿ. ಸಸಿಯಲ್ಲಿ ಅಂಥ ಕೊಂಬೆ ಬರಲು ದಶಕಗಳು ಬೇಕು. ಅಷ್ಟು ಕಾಲ ಆ ಹಕ್ಕಿ ಎಲ್ಲಿ ಬಾಡಿಗೆಗಿರಬೇಕು? ಇನ್ನು ನಮ್ಮ ಲೆಕ್ಕ ಇನ್ನೂ ಸರಳ. ಎಪ್ಪತ್ತು ದಾಟಿದವರಿಗೆ ಇಂದು ನೆಟ್ಟ ಸಸಿಯ ತುಂಬು ನೆರಳು ದಕ್ಕುವುದಿಲ್ಲ. ಆದರೂ ಸಸಿ ನೆಡಬೇಕು, ಮೊಮ್ಮಕ್ಕಳಿಗೆ ಬೇಕಲ್ಲ. ಆದರೆ ಸಸಿಯನ್ನು ತೋರಿಸಿ ಮರವನ್ನು ಕಸಿಯಲು ಬಂದವರಿಗೆ ಒಪ್ಪಿಗೆ ಕೊಡಬಾರದು. ಮುದುಕರ ಪಾಲಿಗೆ ಇರುವ ಮರವೊಂದೇ ಮರ.

ಮೂರನೆಯ ಆಕ್ಷೇಪವನ್ನು ಕಿರಿಯರು ಹೇಳುತ್ತಾರೆ: 'ಮುದುಕರಿಗೆ ಯಾವಾಗಲೂ ತಮ್ಮ ಕಾಲವೇ ಚಂದ.' ಈ ಮಾತಿನಲ್ಲಿ ಹುರುಳಿದೆ. 'ನಮ್ಮ ಕಾಲದಲ್ಲಿ ಎಷ್ಟು ಗುಬ್ಬಚ್ಚಿಗಳಿದ್ದವು!' ಎಂದು ನಿಟ್ಟುಸಿರುಬಿಟ್ಟರೆ ಅದು ಹಳಹಳಿಕೆ, ಯಾರಿಗೂ ಪ್ರಯೋಜನವಿಲ್ಲ. 'ಇಂಥ ವರ್ಷ ಇಂಥ ಬೀದಿಯಲ್ಲಿ ಇಷ್ಟು ಗೂಡುಗಳಿದ್ದವು, ಈಗ ಇಷ್ಟಿವೆ' ಎಂದರೆ ಅದು ಸಾಕ್ಷ್ಯ. ಎರಡರ ನಡುವಿನ ಅಂತರವೆಂದರೆ ಒಂದು ನೋಟುಪುಸ್ತಕ, ಒಂದು ಪೆನ್ನು. ಜಪಾನಿನ ಕ್ಯೋಟೊ ನಗರದಲ್ಲಿ ಚೆರಿ ಹೂ ತುಂಬ ಅರಳಿದ ದಿನವನ್ನು ಆಸ್ಥಾನಿಕರೂ ಸನ್ಯಾಸಿಗಳೂ ಒಂಬತ್ತನೆಯ ಶತಮಾನದಿಂದ ದಿನಚರಿಗಳಲ್ಲಿ ಬರೆದಿಡುತ್ತ ಬಂದರು. ಅವರು ಬರೆದದ್ದು ವಿಜ್ಞಾನಕ್ಕಾಗಿ ಅಲ್ಲ. ಹೂವು ಚೆಲುವಾಗಿತ್ತು, ಅದರ ಕೆಳಗೆ ಹಬ್ಬ ಮಾಡಿದರು, ಬರೆದರು. ಇಂದು ವಿಜ್ಞಾನಿಗಳು ಆ ದಿನಚರಿಗಳನ್ನು ಕಲೆಹಾಕಿ ಭೂಮಿ ಬಿಸಿಯಾಗುತ್ತಿರುವುದಕ್ಕೆ ಆಧಾರ ತೋರಿಸುತ್ತಾರೆ. 2021ರಲ್ಲಿ ಆ ಹೂಗಳು ಮಾರ್ಚ್ 26ರಂದೇ ತುಂಬಿ ಅರಳಿದವು. ಅದುವರೆಗಿನ ಸಾವಿರದ ಇನ್ನೂರು ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ್ದಿರಲಿಲ್ಲ. ತಾರೀಖು ಹಾಕಿ ಬರೆದಿಟ್ಟ ಸಂತೋಷ ಸಾವಿರ ವರ್ಷಗಳ ಮೇಲೆ ಸಾಕ್ಷಿ ನುಡಿಯುತ್ತಿದೆ. ನಮ್ಮಲ್ಲಿಯೂ ಶಾಲೆಯ ಮಕ್ಕಳು ಮತ್ತು ಸಾರ್ವಜನಿಕರು ಮರಗಳ ಚಿಗುರು, ಹೂ, ಕಾಯಿಗಳನ್ನು ಗಮನಿಸಿ ದಾಖಲಿಸುವ 'ಸೀಸನ್‌ವಾಚ್' ಎಂಬ ಕಾರ್ಯಕ್ರಮ ಹಲವು ವರ್ಷಗಳಿಂದ ನಡೆದಿದೆ. ಮಕ್ಕಳು ಮಾಡಬಲ್ಲದ್ದನ್ನು ಅಜ್ಜ ಅಜ್ಜಿಯರು ಮಾಡಲಾರರೇ?

ಆದ್ದರಿಂದ, ನನ್ನ ಪ್ರೀತಿಯ ಅರವತ್ತರ ವಿದ್ಯಾರ್ಥಿಗಳೇ, ನಿಮಗೆ ಮತ್ತೊಮ್ಮೆ ಮನೆಪಾಠ ಕೊಡುತ್ತಿದ್ದೇನೆ. ಮನೆಯಿಂದ ಕಾಣುವ ಒಂದು ಮರವನ್ನು ಆರಿಸಿಕೊಳ್ಳಿರಿ. ಬೆಂಗಳೂರಿನ ಹತ್ತನೆಯ ಮಹಡಿಯಲ್ಲಿರುವವರೂ, ಮಕ್ಕಳೊಡನೆ ಪರದೇಶದಲ್ಲಿರುವವರೂ ತಪ್ಪಿಸಿಕೊಳ್ಳುವಂತಿಲ್ಲ, ಮರವಿಲ್ಲದ ಊರಿಲ್ಲ. ಅದರ ಹೆಸರನ್ನು ತಿಳಿಯಿರಿ. ವಾರಕ್ಕೊಮ್ಮೆ ತಾರೀಖು ಹಾಕಿ ಎರಡು ಸಾಲು ಬರೆಯಿರಿ: ಎಲೆ ಉದುರಿತೇ, ಚಿಗುರು ಬಂದಿತೇ, ಯಾರು ಗೂಡು ಕಟ್ಟಿದರು, ಯಾರು ನೆರಳಿಗೆ ಬಂದು ಕುಳಿತರು. ಅಲಂಕಾರದ ಭಾಷೆ ಬೇಡ; ಕಂಡದ್ದನ್ನು ಕಂಡಂತೆ ಬರೆದರೆ ಸಾಕು. ಬುಡದ ಸುತ್ತ ಸಿಮೆಂಟಿದ್ದರೆ ಅದನ್ನು ತೆಗೆಸುವವರೆಗೂ ಅರ್ಜಿ ಬರೆಯುತ್ತಿರಿ. ಕಡಿಯಬೇಕೆಂಬ ಕಾಗದ ಬಾಗಿಲಿಗೆ ಬಂದಾಗ ಸಹಿ ಹಾಕಬೇಡಿರಿ. ಏಕೆ ಹಾಕುವುದಿಲ್ಲವೆಂದು ತಂದವರಿಗೆ ವಿನಯದಿಂದ ಹೇಳಿರಿ. 'ಈ ವಯಸ್ಸಿನಲ್ಲಿ ನಿಮಗೇಕೆ?' ಎಂದು ಕೇಳಿದರೆ, 'ಈ ವಯಸ್ಸಿನಲ್ಲಲ್ಲದೆ ಇನ್ನಾವಾಗ?' ಎನ್ನಿರಿ. ನಮಗೆ ಬಡ್ತಿ ತಪ್ಪುವ ಭಯವಿಲ್ಲ, ವರ್ಗಾವಣೆಯ ಭಯವಿಲ್ಲ; ಪಿಂಚಣಿ ತಿಂಗಳ ಮೊದಲಿಗೆ ತಾನಾಗಿ ಬಂದು ಬೀಳುತ್ತದೆ. ನಮ್ಮಷ್ಟು ನಿರ್ಭಯರು ಈ ನಾಡಿನಲ್ಲಿ ಇನ್ನಾರಿದ್ದಾರೆ?

ನಮ್ಮ ಬೀದಿಯ ಐದು ಹೊಂಗೆಗಳ ಲೆಕ್ಕ ನನ್ನ ಪುಸ್ತಕದಲ್ಲಿದೆ. ನಿಮ್ಮ ಪುಸ್ತಕ ಬರುವ ಯುಗಾದಿಯ ಹೊತ್ತಿಗೆ ಹತ್ತು ಪುಟವಾದರೂ ತುಂಬಿರಲಿ. ತಿದ್ದಲು ನಾನು ಸಿದ್ಧನಿದ್ದೇನೆ. ಕೆಂಪು ಶಾಯಿ ಇನ್ನೂ ಮುಗಿದಿಲ್ಲ.

ಇಂತಿ ಶುಭವನ್ನು ಕೋರುವ,
ನಿಮ್ಮ ಮೇಷ್ಟರು